ಹಳೆಯ ಪಿಕಪ್ ಗಾಡಿಗಳಲ್ಲಿ ಡೀಸೆಲಿನ ಮಿತವ್ಯಯ: ಘಾಟಿಯ ದಾರಿಯಲ್ಲಿಯೂ ಬಯಲಿನ ದಾರಿಯಲ್ಲಿಯೂ ಅನುಸರಿಸತಕ್ಕ ಕ್ರಮ

ಮಲೆನಾಡಿನ ಅಡಕೆ ತೋಟಗಳಲ್ಲಿ ಒಂದಾನೊಂದು ಕಾಲಕ್ಕೆ ಎತ್ತಿನ ಗಾಡಿಯೂ ತಲೆಹೊರೆಯೂ ಮಾಡುತ್ತಿದ್ದ ಕೆಲಸವನ್ನು ಈಗ ಪಿಕಪ್ ಎಂದು ಕರೆಯಲ್ಪಡುವ ಸಣ್ಣ ಸರಕು ಮೋಟಾರುಗಳು ವಹಿಸಿಕೊಂಡಿರುತ್ತವೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಲ್ಲಿ ಕೊಟ್ಟಿಗೆ ಗೊಬ್ಬರ, ಬಯಲು ಸೀಮೆಯಿಂದ ಬರುವ ಹುಲ್ಲು, ಬೋರ್ಡೋ ದ್ರಾವಣಕ್ಕೆ ಬೇಕಾಗುವ ಮೈಲುತುತ್ತ ಮತ್ತು ಸುಣ್ಣ, ಕಡೆಗೆ ಮಾರಾಟಕ್ಕೆ ಹೋಗುವ ಅಡಕೆ ಮೆಣಸುಗಳ ಮೂಟೆ, ಇವೆಲ್ಲವೂ ಈ ಗಾಡಿಗಳಲ್ಲಿಯೇ ಸಾಗುವುದು ವಾಡಿಕೆ. ಇವುಗಳಲ್ಲಿ ಹತ್ತು ಹದಿನೈದು ವರ್ಷ ದುಡಿದ ಹಳೆಯ ಗಾಡಿಗಳೂ ಉಂಟು. ಅವುಗಳನ್ನು ಮಾರಿ ಹೊಸತನ್ನು ಕೊಳ್ಳುವ ಅನುಕೂಲವು ಎಲ್ಲರಿಗೂ ಇರುವುದಿಲ್ಲ. ಹಳದಿ ಎಲೆ ರೋಗವು ಈ ಸೀಮೆಯ ತೋಟಗಳನ್ನು ದಶಕಗಳಿಂದ ಬಾಧಿಸುತ್ತಿದ್ದು, ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಅದರ ಜೊತೆ ಸೇರಿರುವುದು ಎಲ್ಲರಿಗೂ ತಿಳಿದ ಸಂಗತಿ. ಫಸಲು ಇಳಿದ ತೋಟಕ್ಕೆ ಗೊಬ್ಬರ ಮೊದಲಿನಷ್ಟೇ ಬೇಕು, ಔಷಧ ಮೊದಲಿಗಿಂತ ಹೆಚ್ಚಾಗಿ ಬೇಕು. ಹೀಗೆ ಉತ್ಪತ್ತಿ ಕುಗ್ಗಿ ಸಾಗಾಟ ಕುಗ್ಗದಿರುವಾಗ, ಡೀಸೆಲಿನ ಲೆಕ್ಕವು ತೋಟದ ಲೆಕ್ಕದಲ್ಲಿ ಸಣ್ಣ ಬಾಬತ್ತೆಂದು ಬಿಟ್ಟುಬಿಡತಕ್ಕದ್ದಲ್ಲ.

ಗಾಡಿಯ ಆಕಾರವನ್ನು ತಿದ್ದಿ ಗಾಳಿಯ ತಡೆಯನ್ನು ಕಡಿಮೆ ಮಾಡಿದರೆ ಡೀಸೆಲು ಉಳಿಯುವುದೆಂಬ ಮಾತು ಈಗ ಸರ್ವತ್ರ ಕೇಳಿಬರುತ್ತಿದೆ. ಮಾತು ಸುಳ್ಳಲ್ಲ. ಆದರೆ ಯಾವ ದಾರಿಯಲ್ಲಿ, ಎಷ್ಟು ವೇಗದಲ್ಲಿ ಎಂಬುದನ್ನು ವಿಚಾರಿಸದೆ ತಗಡಿಗೂ ಬೆಸುಗೆಗೂ ಹಣ ಹಾಕಿದರೆ ಆ ಹಣವು ಹಿಂದಿರುಗಲಾರದು. ಆದುದರಿಂದ ಎಂಜಿನ್ನು ಯಾವ ಯಾವ ತಡೆಗಳನ್ನು ಮೀರಿ ಗಾಡಿಯನ್ನು ಎಳೆಯಬೇಕಾಗಿದೆಯೆಂಬುದನ್ನು ಮೊದಲು ತಿಳಿಯುವುದು ಯುಕ್ತವು.

ತಡೆಗಳು ಮುಖ್ಯವಾಗಿ ಮೂರು. ಚಕ್ರವು ನೆಲದ ಮೇಲೆ ಉರುಳುವಾಗ ಟೈರು ಅದುಮಿ ಬಿಚ್ಚುವುದರಿಂದ ಉಂಟಾಗುವುದು ಒಂದು. ಏರನ್ನು ಹತ್ತುವಾಗ ಭಾರವು ಹಿಂದಕ್ಕೆ ಎಳೆಯುವುದು ಇನ್ನೊಂದು. ಎದುರಿನ ಗಾಳಿಯನ್ನು ಸೀಳಿಕೊಂಡು ಹೋಗಬೇಕಾದ್ದು ಮೂರನೆಯದು. ಮೊದಲಿನ ಎರಡು ತಡೆಗಳು ಭಾರಕ್ಕೆ ತಕ್ಕಂತೆ ಹೆಚ್ಚುತ್ತವೆ, ವೇಗಕ್ಕೂ ಅವಕ್ಕೂ ಅಷ್ಟಾಗಿ ಸಂಬಂಧವಿಲ್ಲ. ಮೂರನೆಯದು ಭಾರವನ್ನು ಕೇಳುವುದಿಲ್ಲ, ವೇಗವನ್ನು ಮಾತ್ರ ಕೇಳುತ್ತದೆ. ಅದರಲ್ಲಿಯೂ ವೇಗವು ಎರಡರಷ್ಟಾದರೆ ಗಾಳಿಯ ತಡೆಯು ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ.

ಸರಕು ಸೇರಿ 2,700 ಕಿಲೋಗ್ರಾಂ ತೂಗುವ ಸಾಧಾರಣ ಪಿಕಪ್ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಳ್ಳೆಯ ಡಾಮರು ರಸ್ತೆಯ ಮೇಲೆ ಇದರ ಚಕ್ರಗಳನ್ನು ಉರುಳಿಸಲು ಸುಮಾರು 40 ಕಿಲೋಗ್ರಾಂ ತೂಕವನ್ನು ಎಳೆಯುವಷ್ಟು ಬಲವು ನಿರಂತರವಾಗಿ ಬೇಕು. ತೋಟಕ್ಕೆ ಇಳಿಯುವ ಮಣ್ಣಿನ ದಾರಿಯಲ್ಲಾದರೆ ಇದೇ 100 ಕಿಲೋಗ್ರಾಮನ್ನು ದಾಟುವುದುಂಟು. (ಉಕ್ಕಿನ ಹಳಿಯ ಮೇಲಿನ ಉಕ್ಕಿನ ಚಕ್ರಕ್ಕೆ ಇದರ ಏಳೆಂಟರಲ್ಲಿ ಒಂದು ಪಾಲು ಸಾಕು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಿಂದೆ ಓಡುತ್ತಿದ್ದ ಕಿರುಹಳಿಯ ರೈಲು ನಿಂತುಹೋದದ್ದು ಈ ದೃಷ್ಟಿಯಿಂದ ಈ ಸೀಮೆಗೆ ನಷ್ಟವೆಂದೇ ಹೇಳಬೇಕು.) ಇನ್ನು ಇಪ್ಪತ್ತು ಅಡಿ ಹೋದರೆ ಒಂದು ಅಡಿ ಏರುವ ಘಾಟಿಯಲ್ಲಿ ಏರಿಗೆಂದೇ ಹೆಚ್ಚಾಗಿ 135 ಕಿಲೋಗ್ರಾಂ ಬಲ ಬೇಕಾಗುತ್ತದೆ. ಗಾಳಿಯ ತಡೆಯಾದರೋ, ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಕೇವಲ 6 ಕಿಲೋಗ್ರಾಮಿನಷ್ಟು. 60ರಲ್ಲಿ ಸುಮಾರು 24. 80ರಲ್ಲಿ ಸುಮಾರು 42.

ಈ ಅಂಕಿಗಳನ್ನು ಹೋಲಿಸಿದರೆ ವಿಷಯವು ತಾನೇ ಸ್ಪಷ್ಟವಾಗುತ್ತದೆ. ಘಾಟಿಯನ್ನು 30ರ ವೇಗದಲ್ಲಿ ಹತ್ತುತ್ತಿರುವ ಗಾಡಿಗೆ ನೂರರಲ್ಲಿ ಮೂರು ಪಾಲು ಮಾತ್ರ ಗಾಳಿಯ ತಡೆ. ಅಂಥ ಕಡೆ ಆಕಾರವನ್ನು ಎಷ್ಟು ನಯವಾಗಿ ತಿದ್ದಿದರೂ ಫಲವು ಕಣ್ಣಿಗೆ ಕಾಣಲಾರದು. ಅದೇ ಗಾಡಿಯು ತರೀಕೆರೆ, ಕಡೂರು, ಅರಸೀಕೆರೆಗಳ ಬಯಲು ರಸ್ತೆಯಲ್ಲಿ 80ರ ವೇಗದಿಂದ ಬೆಂಗಳೂರಿನ ಕಡೆಗೆ ಓಡುವಾಗ, ಎಂಜಿನ್ನಿನ ಎಳೆತದಲ್ಲಿ ಅರ್ಧಕ್ಕರ್ಧ ಗಾಳಿಯ ಪಾಲಾಗಿ ಹೋಗುತ್ತದೆ. ಹೀಗಾಗಿ ಕೊಪ್ಪ ಶೃಂಗೇರಿಗಳ ಸುತ್ತಿನಲ್ಲಿಯೇ ಓಡಾಡುವ ಗಾಡಿಯ ಯಜಮಾನರು ಭಾರ, ಟೈರು, ಬ್ರೇಕು ಇವುಗಳ ಕಡೆಗೆ ಗಮನ ಕೊಡತಕ್ಕದ್ದು. ದೂರದ ಬಯಲಿಗೆ ಹೋಗಿಬರುವವರು ಗಾಳಿಯ ವಿಚಾರವನ್ನೂ ಸೇರಿಸಿಕೊಳ್ಳತಕ್ಕದ್ದು.

ಗಾಳಿಗೆ ಅತ್ಯಂತ ಸುಲಭವಾದ ಮತ್ತು ಖರ್ಚಿಲ್ಲದ ಚಿಕಿತ್ಸೆಯೆಂದರೆ ವೇಗವನ್ನು ತಗ್ಗಿಸುವುದು. 80ರಿಂದ 60ಕ್ಕೆ ಇಳಿಸಿದರೆ ಮೇಲಿನ ಲೆಕ್ಕದ ಪ್ರಕಾರ ಸಮತಟ್ಟು ರಸ್ತೆಯಲ್ಲಿ ಒಟ್ಟು ಎಳೆತವು 82ರಿಂದ 64ಕ್ಕೆ ಇಳಿಯುತ್ತದೆ, ಅಂದರೆ ಐದರಲ್ಲಿ ಒಂದು ಪಾಲಿಗೂ ಮೀರಿ ಉಳಿಯುತ್ತದೆ. ಎಂಜಿನ್ನಿನ ಒಳಗಿನ ಘರ್ಷಣೆಗೂ ತೈಲ ಬೇಕಾದ್ದರಿಂದ ಡೀಸೆಲಿನಲ್ಲಿ ಅಷ್ಟೂ ಕೈಗೆ ಬರದಿದ್ದರೂ ಬಹುಪಾಲು ಬರುವುದು ನಿಶ್ಚಯ. 1978ರಲ್ಲಿ ಸ್ಥಾಪಿತವಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು 45ರಿಂದ 55 ಕಿಲೋಮೀಟರಿನ ವೇಗವನ್ನು ಮಿತವ್ಯಯದ ವೇಗವೆಂದು ಶಿಫಾರಸು ಮಾಡಿರುವುದಕ್ಕೆ ಕಾರಣವೂ ಇದೇ. ಯಾವ ತಗಡಿನ ಹೊದಿಕೆಯೂ ಇಷ್ಟು ಉಳಿತಾಯವನ್ನು ಕೊಡಲಾರದು.

ಬಯಲು ಸೀಮೆಯಿಂದ ಹುಲ್ಲು ತರುವ ಗಾಡಿಗಳ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಭದ್ರಾ ಅಚ್ಚುಕಟ್ಟಿನ ಗದ್ದೆಗಳಿಂದ ಬತ್ತದ ಹುಲ್ಲನ್ನು ಕೊಂಡು ಮಲೆನಾಡಿನ ದನಗಳಿಗೆ ತರುವಾಗ, ಹುಲ್ಲು ಹಗುರವಾದ್ದರಿಂದ ಗಾಡಿಗೆ ಶ್ರಮವಿಲ್ಲವೆಂದು ಭಾವಿಸಿ ಎತ್ತರಕ್ಕೂ ಅಗಲಕ್ಕೂ ಕಟ್ಟಿ ಜೋರಾಗಿ ಓಡಿಸುವುದುಂಟು. ಇದು ತಪ್ಪು ಗ್ರಹಿಕೆ. ಹುಲ್ಲಿನ ಹೊರೆಯು ಗಾಡಿಯ ಎದುರುಮುಖವನ್ನು ಹೆಚ್ಚುಕಡಿಮೆ ಎರಡರಷ್ಟು ದೊಡ್ಡದಾಗಿ ಮಾಡುತ್ತದೆ. ಅದರ ಮೈ ಒರಟಾದ್ದರಿಂದ ಗಾಳಿಯು ಜಾರಿಹೋಗದೆ ಸಿಕ್ಕಿಕೊಳ್ಳುತ್ತದೆ. ಬರಿಯ ಗಾಡಿಗೆ 60ರ ವೇಗದಲ್ಲಿ 24 ಕಿಲೋಗ್ರಾಮಿದ್ದ ಗಾಳಿಯ ತಡೆಯು ಇಂಥ ಹೊರೆಯಿಂದ 70ರ ಆಸುಪಾಸಿಗೆ ಏರುವುದೆಂದು ಲೆಕ್ಕ ಬರುತ್ತದೆ. 40ರ ವೇಗಕ್ಕೆ ಇಳಿಸಿದರೆ 30ರ ಆಸುಪಾಸಿಗೆ ಇಳಿಯುತ್ತದೆ. ಆದುದರಿಂದ ಗೊಬ್ಬರ ಹೇರಿದ ಗಾಡಿಗಿಂತ ಹುಲ್ಲು ಹೇರಿದ ಗಾಡಿಯನ್ನೇ ನಿಧಾನವಾಗಿ ಓಡಿಸಬೇಕು. ಸಾಧ್ಯವಾದಲ್ಲಿ ಯಂತ್ರದಿಂದ ಅದುಮಿ ಸುರುಳಿ ಕಟ್ಟಿದ ಹುಲ್ಲನ್ನೇ ಕೊಳ್ಳುವುದು ಲೇಸು. ಅದೇ ತೂಕದ ಹುಲ್ಲು ಬಹು ಕಡಿಮೆ ಎತ್ತರದಲ್ಲಿ ಕೂರುತ್ತದೆ. ಬಿಡಿ ಹುಲ್ಲಾದರೆ ಅಗಲಕ್ಕೆ ಚಾಚದೆ ಕಟ್ಟಿ, ಟಾರ್ಪಾಲನ್ನು ಬಿಗಿಯಾಗಿ ಹೊದಿಸಿ ಹಗ್ಗ ಎಳೆಯಬೇಕು. 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯಿದೆಯಲ್ಲಿ ಸರಕು ಪಕ್ಕಕ್ಕೆ, ಹಿಂದಕ್ಕೆ ಅಥವಾ ಮಿತಿಮೀರಿ ಎತ್ತರಕ್ಕೆ ಚಾಚಿದ್ದರೆ 20,000 ರೂಪಾಯಿ ಜುಲ್ಮಾನೆಯನ್ನು ವಿಧಿಸಿರುವುದನ್ನು ಸಹ ಮರೆಯತಕ್ಕದ್ದಲ್ಲ. ಒಂದು ಸಲದ ಜುಲ್ಮಾನೆಯು ಅನೇಕ ಹೊರೆ ಹುಲ್ಲಿನ ಲಾಭವನ್ನು ನುಂಗಿಬಿಡುತ್ತದೆ.

ಖಾಲಿ ಗಾಡಿಯನ್ನು ಓಡಿಸುವಾಗ ಡಾಲಾ ಎಂದು ಕರೆಯುವ ಹಿಂಬಾಗಿಲನ್ನು ಇಳಿಸಿಬಿಟ್ಟರೆ ಗಾಳಿಯು ಸರಾಗವಾಗಿ ಹೊರಟುಹೋಗಿ ಡೀಸೆಲು ಉಳಿಯುವುದೆಂದು ಅನೇಕ ಚಾಲಕರ ನಂಬಿಕೆ. ವಸ್ತುಸ್ಥಿತಿಯು ಹೆಚ್ಚಾಗಿ ಇದಕ್ಕೆ ವ್ಯತಿರಿಕ್ತವಾಗಿದೆ. ಬಾಗಿಲು ಮುಚ್ಚಿದ್ದಾಗ ತೊಟ್ಟಿಯೊಳಗಿನ ಗಾಳಿಯು ಒಂದು ಸುಳಿಯಾಗಿ ಅಲ್ಲಿಯೇ ತಿರುಗುತ್ತಿದ್ದು, ಕ್ಯಾಬಿನ್ನಿನ ಮೇಲಿಂದ ಬರುವ ಗಾಳಿಯು ಆ ಸುಳಿಯ ಮೇಲೆಯೇ ಜಾರಿ ಹಿಂದಕ್ಕೆ ಹೋಗುತ್ತದೆ. ತೆರೆದಾಗ ಆ ಸುಳಿಯು ಒಡೆದು ಕ್ಯಾಬಿನ್ನಿನ ಹಿಂಬದಿಗೆ ಎಳೆತ ಹೆಚ್ಚುವ ಸಂಭವವೇ ಅಧಿಕ. ಮೇಲಾಗಿ ತೆರೆದ ಬಾಗಿಲು ಹಿಂದಿನ ದೀಪವನ್ನೂ ನಂಬರು ಹಲಗೆಯನ್ನೂ ಮರೆಮಾಡುತ್ತದೆ. ತೊಟ್ಟಿಯ ಅಂಚಿನ ಮಟ್ಟಕ್ಕೆ ಟಾರ್ಪಾಲನ್ನು ಮದ್ದಳೆಯ ಚರ್ಮದಂತೆ ಬಿಗಿದರೆ ಗಾಳಿಯ ತಡೆಯಲ್ಲಿ ನೂರಕ್ಕೆ ಕೆಲವು ಪಾಲು ಇಳಿಯುವುದು ನಿಜ. ಸಡಿಲವಾಗಿ ಕಟ್ಟಿದ ಟಾರ್ಪಾಲು ಪಟಪಟನೆ ಬಡಿದುಕೊಳ್ಳುತ್ತಾ ಉಪಕಾರಕ್ಕೆ ಬದಲು ಅಪಕಾರವನ್ನೇ ಮಾಡುತ್ತದೆ.

ಮಳೆಗಾಲದಲ್ಲಿ ಕಮಾನು ಕಟ್ಟಿ ಟಾರ್ಪಾಲು ಹೊದಿಸುವುದು ಈ ಸೀಮೆಯಲ್ಲಿ ಅನಿವಾರ್ಯ. ಆದರೆ ಕಮಾನು ಕ್ಯಾಬಿನ್ನಿಗಿಂತ ಎಷ್ಟು ಕಡಿಮೆ ಮೇಲೇಳುವುದೋ ಅಷ್ಟು ಒಳ್ಳೆಯದು. ಮುಂದಿನ ಕಮಾನಿನ ಬಾಯನ್ನು ತೆರೆದು ಬಿಟ್ಟರೆ ಎದುರು ಗಾಳಿಗೆ ಛತ್ರಿ ಬಿಚ್ಚಿ ಹಿಡಿದಂತಾಗುತ್ತದೆ. ಅದನ್ನು ಮುಚ್ಚಿ, ಕ್ಯಾಬಿನ್ನಿನ ತಲೆಯಿಂದ ಇಳಿಜಾರಾಗಿ ಬಿಗಿಯತಕ್ಕದ್ದು. ಮಳೆ ಕಳೆದ ಮೇಲೆ ದೂರದ ಪ್ರಯಾಣಕ್ಕೆ ಹೊರಡುವ ಗಾಡಿಯಿಂದ ಕಮಾನುಗಳನ್ನು ಬಿಚ್ಚಿಡುವುದು ಉತ್ತಮ. ಕ್ಯಾಬಿನ್ನಿನ ಮೇಲಿನ ಕಬ್ಬಿಣದ ಕ್ಯಾರಿಯರು ಮತ್ತು ಮುಂದಿನ ಕಬ್ಬಿಣದ ಗಾರ್ಡು ಭಾರವನ್ನೂ ಗಾಳಿಯ ತಡೆಯನ್ನೂ ಒಟ್ಟಿಗೆ ಹೆಚ್ಚಿಸತಕ್ಕವು. ಮುಂದಿನ ಗಾರ್ಡು ಕಾಯಿದೆಗೆ ವಿರುದ್ಧವೆಂದು ಕೇಂದ್ರ ಸರ್ಕಾರವು 2017ರಲ್ಲಿಯೇ ರಾಜ್ಯಗಳಿಗೆ ಬರೆದಿದೆ. ಅದೇ ಕಾಯಿದೆಯ 52ನೆಯ ಪ್ರಕರಣದ ಪ್ರಕಾರ ತೊಟ್ಟಿಯನ್ನು ಎತ್ತರಿಸುವುದೇ ಮೊದಲಾಗಿ ನೋಂದಣಿ ಪತ್ರಕ್ಕೆ ಹೊಂದದ ಬದಲಾವಣೆಗಳನ್ನು ಯಜಮಾನರು ತಮ್ಮಷ್ಟಕ್ಕೆ ತಾವೇ ಮಾಡಿಸಲಾಗದು.

ಇನ್ನು ಭಾರದ ವಿಚಾರ. ಕರಾವಳಿಯ ಕಾರ್ಕಳದ ಕಡೆಯಿಂದ ಮಾಳ, ಕೆರೆಕಟ್ಟೆಗಳ ಮೂಲಕ ಶೃಂಗೇರಿಗೆ ಬರುವ ಗಾಡಿಯು ಅರ್ಧ ಕಿಲೋಮೀಟರಿಗೂ ಮೀರಿದ ಎತ್ತರವನ್ನು ಹತ್ತಬೇಕು. 2,700 ಕಿಲೋಗ್ರಾಂ ಭಾರವನ್ನು ಅಷ್ಟು ಎತ್ತರಕ್ಕೆ ಏರಿಸುವುದಕ್ಕೆಂದೇ, ರಸ್ತೆಯ ಉದ್ದದ ಖರ್ಚನ್ನು ಬಿಟ್ಟು, ಸುಮಾರು ಒಂದೂವರೆ ಲೀಟರು ಡೀಸೆಲು ವ್ಯಯವಾಗುತ್ತದೆ. ಇಲ್ಲಿ ತೂಕವೇ ಹಣ. ಹಿಂದಿನ ಸಲದ ಮರಳು, ಒದ್ದೆ ಗೋಣಿ, ಉಪಯೋಗವಿಲ್ಲದ ಕಬ್ಬಿಣ, ನೀರು ಕುಡಿದ ಹಲಗೆ, ಇವುಗಳನ್ನು ವರ್ಷಪೂರ್ತಿ ಹೊತ್ತು ತಿರುಗುವ ಗಾಡಿಯ ಯಜಮಾನರು ಅದಕ್ಕೆ ಬಾಡಿಗೆಯನ್ನು ತಾವೇ ತೆರುತ್ತಿದ್ದಾರೆ.

ಇದಕ್ಕಿಂತಲೂ ದೊಡ್ಡ ಲೆಕ್ಕವು ಹಸಿ ಅಡಕೆಯದು. 100 ಕಿಲೋಗ್ರಾಂ ಹಸಿ ಅಡಕೆಗೆ ಸುಲಿದು ಬೇಯಿಸಿ ಒಣಗಿಸಿದ ಮೇಲೆ ಸಿಕ್ಕುವುದು 12ರಿಂದ 13 ಕಿಲೋಗ್ರಾಂ ಮಾತ್ರ. ದೂರದ ಅಂಗಳಕ್ಕೆ ಹಸಿ ಗೊನೆಯನ್ನೇ ಸಾಗಿಸುವವರು ಒಂದು ಪಾಲು ಅಡಕೆಗೆ ಏಳು ಪಾಲು ಸಿಪ್ಪೆಯನ್ನೂ ನೀರನ್ನೂ ಹೊರುತ್ತಿರುತ್ತಾರೆ. ಚೇಣಿಗೆ ಕೊಡುವ ತೋಟಗಳಲ್ಲಿ ಈ ಹೊರೆಯು ಚೇಣಿದಾರರದಾದರೂ ಅದು ದರದಲ್ಲಿ ತೋಟದವರ ಮೇಲೆಯೇ ಬಂದು ಕೂರುತ್ತದೆ. ಅಕ್ಕಪಕ್ಕದ ನಾಲ್ಕಾರು ತೋಟದವರು ಒಡಗೂಡಿ ಸುಲಿಯುವ ಯಂತ್ರವನ್ನು ತೋಟದ ಸಮೀಪಕ್ಕೇ ತರಿಸಿದರೆ ಸಾಗಾಟವೂ ಇಳಿಯುವುದು, ಸಿಪ್ಪೆಯು ಗೊಬ್ಬರದ ಗುಂಡಿಗೆ ದೊರೆಯುವುದು. ಹಾಗೆಯೇ ಒಂದೆರಡು ಮೂಟೆಗಳಿಗಾಗಿ ಗಾಡಿಯನ್ನು ಶಿವಮೊಗ್ಗೆಗೆ ಓಡಿಸುವ ಮೊದಲು, 1939ರಲ್ಲಿ ಸ್ಥಾಪಿತವಾದ ಮಾಮ್ಕೋಸ್ ಸಹಕಾರ ಸಂಘದ ಹತ್ತಿರದ ಶಾಖೆಯಲ್ಲಿನ ದರಕ್ಕೂ ಅಲ್ಲಿನ ದರಕ್ಕೂ ಇರುವ ಅಂತರವು ಹೋಗಿಬರುವ ಡೀಸೆಲನ್ನು ಮೀರುತ್ತದೆಯೇ ಎಂದು ನೋಡುವುದು ವಿವೇಕ. ಮಂಡಿಯ ಮುಂದೆ ಸರದಿ ಕಾಯುವಾಗ ಎಂಜಿನ್ನನ್ನು ಸುಮ್ಮನೆ ಓಡಿಸುತ್ತಿದ್ದರೆ ಗಂಟೆಗೆ ಅರ್ಧ ಲೀಟರಿನಷ್ಟಾದರೂ ಉರಿದುಹೋಗುತ್ತದೆ.

ಘಾಟಿ ಇಳಿಯುವ ಕ್ರಮವನ್ನು ಹೇಳದೆ ಈ ವಿಷಯವು ಪೂರ್ತಿಯಾಗದು. ಯಾತಕ್ಕೆಂದರೆ ಡೀಸೆಲು ಉಳಿಸುವ ಹೆಸರಿನಲ್ಲಿ ಪ್ರಾಣಕ್ಕೆ ಅಪಾಯ ತಂದುಕೊಳ್ಳುವ ಪದ್ಧತಿಯೊಂದು ಇಲ್ಲಿಯೇ ಇದೆ. ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲಿಗೆ ಹಾಕಿ, ಕೆಲವರು ಎಂಜಿನ್ನನ್ನೇ ಆರಿಸಿ, ತೇಲಿಬಿಡುತ್ತಾರೆ. ಇದರಿಂದ ಉಳಿಯುವುದು ಏನೂ ಇಲ್ಲ. ಗಾಡಿಯು ಗೇರಿನಲ್ಲಿದ್ದು ಚಾಲಕನು ಆಕ್ಸಿಲರೇಟರಿನಿಂದ ಕಾಲನ್ನು ತೆಗೆದಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ; ಆಗ ಡೀಸೆಲು ಪಂಪು, ಹಳೆಯ ಮಾದರಿಯದಾದರೂ ಸರಿ, ತೈಲವನ್ನು ಕೊಡುವುದನ್ನು ತಾನಾಗಿ ನಿಲ್ಲಿಸುತ್ತದೆ. ನ್ಯೂಟ್ರಲಿನಲ್ಲಾದರೋ ಎಂಜಿನ್ನು ಆರಿಹೋಗದಂತೆ ತೈಲವನ್ನು ಸುರಿಯುತ್ತಲೇ ಇರಬೇಕು. ಆದುದರಿಂದ ಗೇರಿನಲ್ಲಿ ಇಳಿಯುವವನೇ ಡೀಸೆಲನ್ನು ಉಳಿಸುವವನು.

ಅಪಾಯದ ಭಾಗವು ಇನ್ನೂ ಗಂಭೀರವಾದದ್ದು. ಹೊರೆ ಹೊತ್ತ ಗಾಡಿಯು 500 ಮೀಟರು ಇಳಿಯುವಾಗ, ಹತ್ತಲು ವ್ಯಯವಾದ ಶಕ್ತಿಯೆಲ್ಲ ಎಲ್ಲಿಯಾದರೂ ಶಾಖವಾಗಿ ಹೊರಬೀಳಲೇ ಬೇಕು. ಆ ಶಾಖವು ಸುಮಾರು 40 ಲೀಟರು ತಣ್ಣೀರನ್ನು, ಬಚ್ಚಲ ಹಂಡೆಯೊಂದರಷ್ಟನ್ನು, ಕುದಿಯುವ ಮಟ್ಟಕ್ಕೆ ತರುವಷ್ಟು. ಗೇರಿನಲ್ಲಿ ಇಳಿದರೆ ಇದರ ದೊಡ್ಡ ಪಾಲನ್ನು ಎಂಜಿನ್ನು ವಹಿಸಿಕೊಳ್ಳುತ್ತದೆ. ನ್ಯೂಟ್ರಲಿನಲ್ಲಿ ಹೆಚ್ಚುಕಡಿಮೆ ಅಷ್ಟೂ ಬ್ರೇಕಿನ ಡ್ರಮ್ಮು ಲೈನರುಗಳ ಮೇಲೆ ಬಿದ್ದು, ಅವು ಕಾದು ಹಿಡಿತವನ್ನು ಕಳೆದುಕೊಳ್ಳುತ್ತವೆ. ಎಂಜಿನ್ನನ್ನು ಆರಿಸಿದ್ದರೆ ಬ್ರೇಕಿಗೆ ಬೆಂಬಲ ಕೊಡುವ ನಿರ್ವಾತವು ಎರಡು ಮೂರು ಸಲ ತುಳಿದೊಡನೆ ಮುಗಿದುಹೋಗಿ ಪೆಡಲು ಕಲ್ಲಿನಂತಾಗುತ್ತದೆ. ಪವರ್ ಸ್ಟೀರಿಂಗ್ ಇರುವ ಗಾಡಿಗಳಲ್ಲಿ ತಿರುವಿನ ಚಕ್ರವೂ ಬಿಗಿಯುತ್ತದೆ. ಹದಿನಾಲ್ಕು ಹಿಮ್ಮುರಿ ತಿರುವುಗಳಿರುವ ಆಗುಂಬೆಯಂಥ ಘಾಟಿಯಲ್ಲಿ, ಮಂಜು ಕವಿದು ರಸ್ತೆ ನೆನೆದಿರುವಾಗ, ಇದರ ಪರಿಣಾಮವೇನೆಂಬುದನ್ನು ವಿವರಿಸಬೇಕಾಗಿಲ್ಲ. ಕೆಲಸದವರನ್ನು ಸರಕಿನ ತೊಟ್ಟಿಯಲ್ಲಿ ಕೂರಿಸಿಕೊಂಡು ಹೋಗುವುದು ಕಾಯಿದೆಗೆ ವಿರುದ್ಧವಾದರೂ ಕಟಾವಿನ ದಿನಗಳಲ್ಲಿ ನಡೆಯುತ್ತಲೇ ಇದೆ. ಗ್ರಾಮದ ಹಿರಿಯರು ತಮ್ಮ ತಮ್ಮ ಊರುಗಳಲ್ಲಿ ಇದನ್ನು ನಿಲ್ಲಿಸುವುದಕ್ಕೆ ಪ್ರಯತ್ನಿಸತಕ್ಕದ್ದು. ಹತ್ತುವಾಗ ಯಾವ ಗೇರು ಬೇಕಾಗುವುದೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಚಾಲಕರ ನಿಯಮವು ಇಂದಿಗೂ ಸರಿಯಾದದ್ದೇ.

ಟೈರಿನ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆಯಾದರೂ, ಟೈರು ತಣ್ಣಗಿರುವಾಗ, ಅಳೆಯಿಸತಕ್ಕದ್ದು. ಗಾಳಿ ಕಡಿಮೆಯಾದ ಟೈರು ಹೆಚ್ಚು ಅದುಮಿ, ಹೆಚ್ಚು ಕಾದು, ತೈಲವನ್ನೂ ತನ್ನನ್ನೂ ಸವೆಸುತ್ತದೆ. ತಯಾರಕರು ಹೊರೆಯಿರುವಾಗ ಇಷ್ಟು, ಇಲ್ಲದಾಗ ಇಷ್ಟು ಎಂದು ಬೇರೆ ಬೇರೆ ಪ್ರಮಾಣವನ್ನು ಗೊತ್ತುಮಾಡಿರುತ್ತಾರೆ, ಅದನ್ನು ಮೀರಿ ತುಂಬಿಸುವುದೂ ತರವಲ್ಲ. ರೇಡಿಯಲ್ ಟೈರು ಹಳೆಯ ಮಾದರಿಯದಕ್ಕಿಂತ ಸುಲಭವಾಗಿ ಉರುಳುತ್ತದೆ. ಸವೆದ ಟೈರು ಕೂಡ ಸುಲಭವಾಗಿ ಉರುಳುವುದು ನಿಜವಾದರೂ ಮಲೆನಾಡಿನ ಮಳೆಯಲ್ಲಿ ಅದನ್ನು ಇಟ್ಟುಕೊಳ್ಳುವಂತಿಲ್ಲ. ಏರ್ ಫಿಲ್ಟರು ಬೇಸಗೆಯಲ್ಲಿ ಧೂಳಿನಿಂದ ಕಟ್ಟಿಕೊಳ್ಳುತ್ತದೆ. ಹೊರೆಯಿಲ್ಲದಾಗಲೂ ಕರಿಯ ಹೊಗೆ ಬರುತ್ತಿದ್ದರೆ ಫಿಲ್ಟರನ್ನೂ ನಾಸಲುಗಳನ್ನೂ ನೋಡಿಸಬೇಕು. ಕರಿಯ ಹೊಗೆಯೆಂದರೆ ಪೂರ್ತಿ ಉರಿಯದೆ ಹೊರಬಿದ್ದ ಡೀಸೆಲು.

ಇಷ್ಟೆಲ್ಲಾ ಮಾಡುವುದಕ್ಕೆ ಮೊದಲು ಗಾಡಿಯು ಈಗ ಲೀಟರಿಗೆ ಎಷ್ಟು ಓಡುತ್ತಿದೆಯೆಂಬುದು ಗೊತ್ತಿರಬೇಕು. ಕೇಳಿದರೆ ಅಂದಾಜು ಹೇಳುವವರೇ ಹೆಚ್ಚು, ಬರೆದಿಟ್ಟವರು ವಿರಳ. ಟ್ಯಾಂಕನ್ನು ಬಾಯಿತನಕ ತುಂಬಿಸಿ ಮೀಟರಿನ ಅಂಕಿಯನ್ನು ಬರೆದಿಟ್ಟುಕೊಂಡು, ಮುಂದಿನ ಸಲ ಅದೇ ಬಂಕಿನಲ್ಲಿ ಪುನಃ ಬಾಯಿತನಕ ತುಂಬಿಸಿದರೆ, ನಡುವೆ ಓಡಿದ ಕಿಲೋಮೀಟರನ್ನು ಎರಡನೆಯ ಸಲ ಹಿಡಿದ ಲೀಟರಿನಿಂದ ಭಾಗಿಸಬಹುದು. ಒಂದು ಸಲದ ಲೆಕ್ಕವನ್ನು ನಂಬದೆ ನಾಲ್ಕಾರು ಸಲದ್ದನ್ನು ಸೇರಿಸಿ ನೋಡತಕ್ಕದ್ದು. ವರ್ಷಕ್ಕೆ 12,000 ಕಿಲೋಮೀಟರು ಓಡುವ ಗಾಡಿಯು ಲೀಟರಿಗೆ 11ರಿಂದ 12½ಕ್ಕೆ ಏರಿದರೆ ಸುಮಾರು 130 ಲೀಟರು ಉಳಿಯುತ್ತದೆ. ಲೀಟರಿಗೆ 90 ರೂಪಾಯಿಯೆಂದು ಹಿಡಿದರೂ ಅದು ಹನ್ನೊಂದೂವರೆ ಸಾವಿರ ರೂಪಾಯಿಗೆ ಮೀರುತ್ತದೆ.

ಹಳೆಯ ಗಾಡಿಗಳಲ್ಲಿ ಈ ಉಳಿತಾಯಕ್ಕೆ ಅಡ್ಡಿಯಾಗಿ ನಿಲ್ಲುವ ದೋಷಗಳಲ್ಲಿ ಮುಖ್ಯವಾದದ್ದು ಬ್ರೇಕಿನದು. ತೋಟದ ಕೆಸರು ಡ್ರಮ್ಮಿನೊಳಗೆ ಸೇರಿ ಒಣಗುವುದರಿಂದಲೂ, ಹ್ಯಾಂಡ್‌ಬ್ರೇಕಿನ ಕೇಬಲ್ಲು ತುಕ್ಕು ಹಿಡಿದು ಹಿಂದಕ್ಕೆ ಸರಿಯದಿರುವುದರಿಂದಲೂ, ಬ್ರೇಕನ್ನು ಬಿಟ್ಟ ಮೇಲೆಯೂ ಲೈನರು ಡ್ರಮ್ಮಿಗೆ ಉಜ್ಜುತ್ತಿರುತ್ತದೆ. ಚಾಲಕನಿಗೆ ಇದು ತಿಳಿಯುವುದಿಲ್ಲ, ಎಂಜಿನ್ನಿಗೆ ಶಕ್ತಿ ಸಾಲದೆಂದು ಭಾವಿಸಿ ಇನ್ನಷ್ಟು ಆಕ್ಸಿಲರೇಟರು ಒತ್ತುತ್ತಾನೆ. ಸಮತಟ್ಟಾದ ದಾರಿಯಲ್ಲಿ ಬ್ರೇಕನ್ನು ಹೆಚ್ಚು ಬಳಸದೆ ಹತ್ತು ಕಿಲೋಮೀಟರು ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರಗಳ ನಡುವಿಗೆ ಅಂಗೈಯನ್ನು ಸಮೀಪಿಸಿ ನೋಡಿದರೆ, ಉಜ್ಜುತ್ತಿರುವ ಚಕ್ರವು ಉಳಿದವುಗಳಿಗಿಂತ ಬಿಸಿಯಾಗಿರುವುದು ಗೊತ್ತಾಗುತ್ತದೆ. ಅಂಥ ಚಕ್ರವನ್ನು ಜಾಕಿಯ ಮೇಲೆತ್ತಿ ಕೈಯಿಂದ ತಿರುಗಿಸಿ ನೋಡಿ, ಡ್ರಮ್ಮನ್ನು ಕಳಚಿ ಶುಚಿಮಾಡಿಸಬೇಕು. ಈ ಕೆಲಸವನ್ನು ಮೃಗಶಿರಾ ಮಳೆಗೆ ಮೊದಲು ಒಂದು ಸಲ, ಮಳೆ ಬಿಟ್ಟು ಕೊಯ್ಲು ಆರಂಭವಾಗುವುದಕ್ಕೆ ಮುಂಚೆ ಇನ್ನೊಂದು ಸಲ ಮಾಡಿಸಿ, ಕೇಬಲ್ಲಿಗೆ ಗ್ರೀಸನ್ನು ಹಾಕಿಸತಕ್ಕದ್ದು.